ಗುಡ್ಡದ ಮೇಲೆ ಮಾತು, ತಪ್ಪಲಲ್ಲಿ ಕಿವಿ

ಈಚೆಗೆ ಒಂದು ಮಧ್ಯಾಹ್ನ ಮಂಗಳೂರಿನ ಒಂದು ಕಾಲೇಜಿನಲ್ಲಿ ಮಹಾಕವಿ ಪಂಪನನ್ನು ಕುರಿತು ಸಾರ್ವಜನಿಕ ಉಪನ್ಯಾಸವೊಂದು ಏರ್ಪಟ್ಟಿತ್ತು. ಕಾಲೇಜಿನ ಹೆಸರು ಇಲ್ಲಿ ಬೇಡ. ಹೇಳಿದರೆ ಉಳಿದ ಕಾಲೇಜುಗಳವರು ಇದು ತಮಗೆ ಅನ್ವಯಿಸುವ ಮಾತಲ್ಲವೆಂದು ನಿಶ್ಚಿಂತರಾಗಿಬಿಟ್ಟಾರು. ನನ್ನ ಪಕ್ಕದ ಕುರ್ಚಿಯಲ್ಲಿ ವೃದ್ಧರೊಬ್ಬರು ಕುಳಿತಿದ್ದರು. ಬಿಳಿಯ ಪಂಚೆ, ಮೊಣಕಾಲುಗಳ ನಡುವೆ ಕೊಡೆ, ತೊಡೆಯ ಮೇಲೆ ಬಟ್ಟೆಯ ಚೀಲ. ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರಂತೆ. ಸಭೆ ಆರಂಭವಾಗುವುದಕ್ಕೆ ಮೊದಲೇ ಅವರು ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು, ಓದಿ, ಮತ್ತೆ ಜೇಬಿಗೆ ಸೇರಿಸಿದರು. ನನ್ನ ಕುತೂಹಲವನ್ನು ಗಮನಿಸಿರಬೇಕು. "ಪ್ರಶ್ನೆ ಉಂಟು" ಎಂದರು. "ಮರೆತುಹೋಗಬಾರದೆಂದು ಬರೆದುಕೊಂಡು ಬಂದಿದ್ದೇನೆ. ಕೇಳಲು ಬಿಟ್ಟರೆ ಕೇಳುವುದು."

ಮೂರು ಗಂಟೆಗೆಂದು ಅಚ್ಚು ಮಾಡಿಸಿದ್ದ ಸಭೆ ಮೂರೂ ಮುಕ್ಕಾಲಿಗೆ ತೊಡಗಿತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಛಾಯಾಚಿತ್ರ. ಇನ್ನೂರರಷ್ಟು ವಿದ್ಯಾರ್ಥಿಗಳನ್ನು ತರಗತಿಗಳಿಂದ ಸಾಲಾಗಿ ಕರೆತಂದು ಕೂರಿಸಲಾಗಿತ್ತು. ಬಾಗಿಲ ಬಳಿ ಒಬ್ಬ ಅಧ್ಯಾಪಕರು ಹಾಜರಿಯ ಪುಸ್ತಕ ಹಿಡಿದು ನಿಂತಿದ್ದರು. ಪಾಪ, ಆ ಮಕ್ಕಳಲ್ಲಿ ಪಂಪನ ಮೇಲೆ ದ್ವೇಷವಿದ್ದಂತೇನೂ ಕಾಣಲಿಲ್ಲ. ಬಾಗಿಲ ಮೇಲೆ ಮಾತ್ರ ಹೆಚ್ಚು ಗಮನವಿತ್ತು. ಉಪನ್ಯಾಸಕರು ಬಹು ಸೊಗಸಾಗಿ ಅರ್ಧ ಗಂಟೆ ಮಾತನಾಡಿದರು. ಹಿಂದಿನ ಸಾಲುಗಳ ಪಿಸುಮಾತು ಸಹ ಒಂದೆರಡು ಕಡೆ ನಿಂತಿತು. ಅದು ಮುಗಿದೊಡನೆಯೇ ನಿರೂಪಕಿಯು ಧ್ವನಿವರ್ಧಕದ ಮುಂದೆ ಬಂದು, ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಡಲಾಗಿದೆಯೆಂದು ಸಾರಿದಳು. ಆ ಮೇಲಿನ ವಂದನಾರ್ಪಣೆಯಲ್ಲಿ 31 ಮಂದಿಗೆ ಕೃತಜ್ಞತೆ ಸಂದಿತು. ನಾನು ಎಣಿಸಿದೆ. ಪಕ್ಕದ ಹಿರಿಯರು ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಸುಮ್ಮನಾದರು.

ಆ ಕಾಗದದಲ್ಲಿ ಏನಿತ್ತೆಂಬುದನ್ನು ಮುಂದೆ ಹೇಳುತ್ತೇನೆ. ಸಭೆಯ ಕ್ರಮದಲ್ಲಿ ಮೊದಲು ಕತ್ತರಿ ಬೀಳುವುದು ಕೇಳುವವನ ಪಾಲಿಗೇ ಏಕೆ, ಅದೂ ಮಂಗಳೂರಿನಂತಹ ಊರಿನಲ್ಲಿ, ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇತರ ಊರುಗಳಲ್ಲಿ ಸಭಿಕರನ್ನು ತಯಾರು ಮಾಡಬೇಕಾದೀತು. ಈ ಊರಿಗೆ ವಿಶ್ವವಿದ್ಯಾನಿಲಯ ಬರುವುದಕ್ಕೆ ಎಷ್ಟೋ ಮುಂಚೆಯೇ ಇಲ್ಲಿ ಸಭಿಕರು ತಯಾರಾಗಿದ್ದರು.

ರಾಮನನ್ನು ಪ್ರಶ್ನಿಸುವ ವಾಲಿ

ತಾಳಮದ್ದಳೆಯನ್ನು ಕೇಳದವರಿಗಾಗಿ ಎರಡು ಮಾತು. ಯಕ್ಷಗಾನದ ವೇಷವನ್ನೂ ಕುಣಿತವನ್ನೂ ಕಳಚಿಟ್ಟರೆ ಉಳಿಯುವುದು ಹಾಡು ಮತ್ತು ಮಾತು. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಮದ್ದಳೆ ಚೆಂಡೆಗಳು ಒದಗುತ್ತವೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ತಮ್ಮ ಮಾತಿನಲ್ಲಿ ಬೆಳೆಸುತ್ತಾರೆ. ಬರೆದ ಸಂಭಾಷಣೆಯಿಲ್ಲ. ಇವರು ಏನು ಹೇಳುವರೆಂಬುದು ಅವರಿಗೆ ತಿಳಿಯದು. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿಯು ರಾಮನನ್ನು ಮರೆಯಿಂದ ಹೊಡೆದುದೇಕೆಂದು ಕೇಳಬೇಕು, ರಾಮನು ಉತ್ತರ ಕೊಡಬೇಕು. ವಾಲಿ ಸಮರ್ಥನಾಗಿದ್ದರೆ ರಾಮನ ಪಾತ್ರಧಾರಿಗೆ ಬೆವರು ಇಳಿಯುವುದುಂಟು. ದೇವರೆಂಬ ರಿಯಾಯಿತಿ ಅಲ್ಲಿ ನಡೆಯುವುದಿಲ್ಲ. ಧರ್ಮಶಾಸ್ತ್ರ, ರಾಜನೀತಿ, ತರ್ಕ, ವ್ಯಾಕರಣ ಎಲ್ಲವೂ ಆ ಚಾಪೆಯ ಮೇಲೆ ಬರುತ್ತವೆ.

ವಾಲಿ, ರಾವಣ, ಮಾಗಧರ ಪಾತ್ರಗಳಲ್ಲಿ ಖ್ಯಾತರಾದ ಶೇಣಿ ಗೋಪಾಲಕೃಷ್ಣ ಭಟ್ಟರು 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡರು. ಸುಳ್ಯದ ಕಡೆಯ ದೇರಾಜೆ ಸೀತಾರಾಮಯ್ಯನವರು 1984ರವರೆಗೆ ಇದ್ದರು. ಇಂತಹವರ ಕೂಟವೆಂದರೆ ಜನರು ಗದ್ದೆಯ ಕೆಲಸ ಮುಗಿಸಿ, ಊಟ ಮಾಡಿ ಬಂದು, ಬೆಳಗಿನ ಜಾವದವರೆಗೆ ಕುಳಿತಿರುತ್ತಿದ್ದರು. ಆ ಜನರಲ್ಲಿ ಹೆಚ್ಚಿನವರ ಮನೆಯ ಮಾತು ತುಳು. ಕೆಲವರದು ಕೊಂಕಣಿ, ಹವ್ಯಕ ಕನ್ನಡ, ಬ್ಯಾರಿ, ಮಲೆಯಾಳ. ವೇದಿಕೆಯ ಮಾತು ಮಾತ್ರ ಗ್ರಾಂಥಿಕ ಕನ್ನಡ. ಮನೆಯಲ್ಲಿ ಆಡದ ಭಾಷೆಯಲ್ಲಿ ರಾತ್ರಿಯಿಡೀ ವಾದವನ್ನು ಕೇಳಿ, ಬೆಳಗ್ಗೆ ಚಹದಂಗಡಿಯ ಬೆಂಚಿನ ಮೇಲೆ ಯಾರು ಗೆದ್ದರೆಂದು ತುಳುವಿನಲ್ಲಿ ತೀರ್ಪು ಕೊಡುವ ಸಮಾಜವಿದು. ಇಂತಹವರನ್ನು "ಸಾಮಾನ್ಯ ಶ್ರೋತೃಗಳು" ಎಂದು ನಮ್ಮ ಆಮಂತ್ರಣ ಪತ್ರಿಕೆಗಳು ಕರೆಯುವುದನ್ನು ನೋಡಿದಾಗ ನನಗೆ ನಗು ಬರುತ್ತದೆ.

ಪದವಿಯಿಲ್ಲದ ಪಂಡಿತರು

ಮಂಗಳೂರಿಗೆ ಕಾಲೇಜುಗಳು ಬಹಳ ಹಿಂದೆಯೇ ಬಂದವು. ಸಂತ ಅಲೋಷಿಯಸ್ ಕಾಲೇಜು 1880ರಲ್ಲಿ ತೆರೆಯಿತು. ಅದರ ಪ್ರಾರ್ಥನಾ ಮಂದಿರದ ಗೋಡೆ ಛಾವಣಿಗಳನ್ನೆಲ್ಲ ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷ ಶ್ರಮಿಸಿ ಚಿತ್ರಗಳಿಂದ ತುಂಬಿದನು. ಇಂದಿಗೂ ಪ್ರವಾಸಿಗರು ಕತ್ತೆತ್ತಿ ನೋಡಿ ಕತ್ತು ನೋಯಿಸಿಕೊಂಡು ಹೊರಬರುತ್ತಾರೆ. 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಆರಂಭವಾಯಿತು. ಹಂಪನಕಟ್ಟೆಯ ಸರಕಾರಿ ಕಾಲೇಜು ಅದಕ್ಕೂ ಹಳೆಯದು. ಆದರೆ ಪರೀಕ್ಷೆಯ ಲಗಾಮು ಮೊದಲಿಗೆ ಮದರಾಸಿನಲ್ಲಿ, ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಘಟ್ಟದ ಮೇಲಿನ ವಿಶ್ವವಿದ್ಯಾನಿಲಯಗಳಲ್ಲಿ. ಸ್ವಂತದ್ದೆಂಬ ವಿಶ್ವವಿದ್ಯಾನಿಲಯ ಈ ಕರಾವಳಿಗೆ ದೊರೆತುದು 1980ರ ಸೆಪ್ಟೆಂಬರ್ 10ರಂದು.

ಈ ನಡುವಣ ನೂರು ವರ್ಷಗಳಲ್ಲಿ ಇಲ್ಲಿಯ ವಿದ್ವತ್ತು ಬೆಳೆದ ರೀತಿಯೇ ವಿಲಕ್ಷಣ. ಪಂಪನನ್ನು ಕುರಿತು "ನಾಡೋಜ ಪಂಪ" ಎಂಬ ಮಹತ್ವದ ಗ್ರಂಥವನ್ನು 1938ರಲ್ಲಿ ಹೊರತಂದ ಮುಳಿಯ ತಿಮ್ಮಪ್ಪಯ್ಯನವರು ಅಲೋಷಿಯಸ್ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದವರು. "ಪಂಡಿತರು" ಎಂಬ ಹುದ್ದೆಗೆ ಆ ಕಾಲದಲ್ಲಿ ಸಂಬಳ ಕಡಿಮೆ, ಕುರ್ಚಿಯೂ ಹಿಂದೆ. ಅದೇ ಸಂಸ್ಥೆಯಲ್ಲಿ ದುಡಿದ ಸೇಡಿಯಾಪು ಕೃಷ್ಣ ಭಟ್ಟರು ಕನ್ನಡ ಛಂದಸ್ಸಿನ ವಿಷಯದಲ್ಲಿ ಇಂದಿಗೂ ಪ್ರಮಾಣ. ನೇತ್ರಾವತಿಯ ಆಚೆ, ಮಂಜೇಶ್ವರದಲ್ಲಿ, ಗೋವಿಂದ ಪೈಗಳಿದ್ದರು. ಪದವಿಯ ವ್ಯಾಸಂಗವನ್ನು ಮಧ್ಯದಲ್ಲಿಯೇ ಬಿಟ್ಟು ಬಂದು, ಮನೆಯಲ್ಲಿ ಕುಳಿತೇ ಹತ್ತಾರು ಭಾಷೆಗಳನ್ನು ವಶಪಡಿಸಿಕೊಂಡವರು. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜಿಗೆ ಶರಣು ಹೊಡೆದ ಶಿವರಾಮ ಕಾರಂತರು ಪುತ್ತೂರಿನಲ್ಲಿ ದಸರೆಯ ನಾಡಹಬ್ಬಗಳನ್ನು ನಡೆಸಿ, ನಾಡಿನ ದೊಡ್ಡ ಸಾಹಿತಿಗಳನ್ನು ಆ ಪುಟ್ಟ ಪೇಟೆಗೆ ಎಳೆದು ತಂದರು. 1977ರ ಜ್ಞಾನಪೀಠ ಪ್ರಶಸ್ತಿಯೂ ಅವರನ್ನು ಅರಸಿಕೊಂಡು ಬಂದಿತು.

ಹೀಗೆ ಕರಾವಳಿಯ ವಿದ್ವಾಂಸರಿಗೆ ಆವರಣದ ಗೋಡೆ ಇರಲೇ ಇಲ್ಲ. ಅವರ ಮಾತನ್ನು ಕೇಳಬೇಕಾದವನು ಅವರ ಮನೆಯ ಜಗಲಿಗೆ ಹೋಗುತ್ತಿದ್ದನು. ಇಲ್ಲವೇ ಅವರೇ ಎತ್ತಿನ ಗಾಡಿಯಲ್ಲೋ ದೋಣಿಯಲ್ಲೋ ಬಸ್ಸಿನಲ್ಲೋ ಸಭೆಯ ಊರಿಗೆ ಬರುತ್ತಿದ್ದರು. ಇಂತಹ ನಾಡಿನಲ್ಲಿ ಒಂದು ಗುಡ್ಡವನ್ನು ಆರಿಸಿ, ಬೇಲಿ ಹಾಕಿ, ವಿದ್ಯೆ ಇನ್ನು ಮುಂದೆ ಇಲ್ಲಿದೆಯೆಂದು ಫಲಕ ನೆಟ್ಟರೆ ಏನಾಗಬೇಕು?

ಪರಮೇಶ್ವರ ಭಟ್ಟರು ಗುಡ್ಡವನ್ನಿಳಿದರು

ಆ ಗುಡ್ಡವೇ ಕೊಣಾಜೆ. ನಗರದಿಂದ ಸುಮಾರು 20 ಕಿಲೋಮೀಟರು. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿದರೆ ನೇತ್ರಾವತಿಯ ಸೇತುವೆಯ ಮೇಲೆ ಒಂದಿಷ್ಟು ಕಡಲಗಾಳಿ, ಆಮೇಲೆ ತೊಕ್ಕೊಟ್ಟಿನ ಸಂದಣಿ, ದೇರಳಕಟ್ಟೆಯ ಆಸ್ಪತ್ರೆಗಳ ಸಾಲು, ಅಸೈಗೋಳಿ. ಕೊನೆಗೆ ಮುರಕಲ್ಲಿನ ನೆಲ, ಗೇರುಮರಗಳು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಂಗಳೂರಿಗೆ ಸ್ನಾತಕೋತ್ತರ ಕೇಂದ್ರವೊಂದನ್ನು ಕೊಟ್ಟಿತು. ಮೈಸೂರಿನದು ಮಾನಸಗಂಗೋತ್ರಿ, ಇದು ಮಂಗಳಗಂಗೋತ್ರಿ. ಕನ್ನಡ ವಿಭಾಗದ ಹೊಣೆ ಹೊತ್ತು ಬಂದವರು ಎಸ್. ವಿ. ಪರಮೇಶ್ವರ ಭಟ್ಟರು.

ಅವರು ತೀರ್ಥಹಳ್ಳಿಯ ಸೀಮೆಯ ಮಾಳೂರಿನವರು, 1914ರಲ್ಲಿ ಜನಿಸಿದವರು. ಕಾಳಿದಾಸನ ಸಮಗ್ರ ಕೃತಿಗಳನ್ನೂ ಭಾಸನ ನಾಟಕಗಳನ್ನೂ ಕನ್ನಡಕ್ಕೆ ತಂದ ಕವಿ. ಇಂತಹ ವಿದ್ವಾಂಸರು ಗುಡ್ಡದ ಮೇಲೆ ಕುಳಿತು ಗ್ರಂಥ ಬರೆಯುತ್ತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಗುಡ್ಡವನ್ನಿಳಿದರು. ಶಾಲೆಯ ವಾರ್ಷಿಕೋತ್ಸವ, ಯುವಕ ಮಂಡಲದ ಸಭೆ, ದೇವಸ್ಥಾನದ ಅಂಗಳ, ವಾಚನಾಲಯದ ಮಾಳಿಗೆ, ಕರೆದಲ್ಲಿಗೆಲ್ಲ ಹೋದರು. ಇಂಪಾದ ಸರಸ ಭಾಷಣ ಅವರದು. ನಗಿಸುತ್ತಲೇ ಕಾಳಿದಾಸನ ಶ್ಲೋಕವನ್ನು ಕೇಳುವವರ ಕೈಗೆ ಕೊಟ್ಟುಬಿಡುವ ಜಾಣ್ಮೆ. 1974ರಲ್ಲಿ ಅವರು ನಿವೃತ್ತರಾಗುವ ವೇಳೆಗೆ, ವಿಶ್ವವಿದ್ಯಾನಿಲಯವೆಂದರೆ ಏನೆಂದು ಅರಿಯದ ಹಳ್ಳಿಗಳಲ್ಲಿಯೂ "ಎಸ್.ವಿ.ಪಿ." ಎಂಬ ಮೂರಕ್ಷರ ಮನೆಮಾತಾಗಿತ್ತು. ಅವರು 2000ದಲ್ಲಿ ನಿಧನರಾದರು. ಕೊಣಾಜೆಯ ಕನ್ನಡ ಅಧ್ಯಯನ ಸಂಸ್ಥೆ ಅವರ ಹೆಸರನ್ನೇ ಹೊತ್ತಿದೆ.

ಪ್ರಾಧ್ಯಾಪಕರು ಊರೂರು ತಿರುಗುವ ಪದ್ಧತಿ ಅವರು ಕಂಡುಹಿಡಿದದ್ದಲ್ಲ. ಅವರು ಬಂದ ಮೈಸೂರಿನಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಪ್ರಚಾರೋಪನ್ಯಾಸಗಳಿದ್ದವು. ವಿಶ್ವವಿದ್ಯಾನಿಲಯದ ಅಧ್ಯಾಪಕರು ತಾಲೂಕಿನ ಊರುಗಳಿಗೆ ಹೋಗಿ ಮಾತನಾಡುವರು, ಆ ಮಾತು ಕೆಲವಾಣೆ ಬೆಲೆಯ ಚಿಕ್ಕ ಪುಸ್ತಕವಾಗಿ ಅಚ್ಚಾಗುವುದು. ಧಾರವಾಡದಲ್ಲಿ ಕವಿ ಚೆನ್ನವೀರ ಕಣವಿಯವರು ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರಸಾರಾಂಗವನ್ನು ಅದೇ ಶ್ರದ್ಧೆಯಿಂದ ನಡೆಸಿದರು. ಆ ಸಣ್ಣ ಪುಸ್ತಕಗಳು ಹಳೆಯ ಮನೆಗಳ ಅಟ್ಟಗಳಲ್ಲಿ ಇನ್ನೂ ಸಿಗುತ್ತವೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ರದ್ದಿಯವನಿಗೆ ಕೊಡಬೇಡಿರೆಂದು ನನ್ನ ವಿನಂತಿ.

ಇಂಗ್ಲೆಂಡಿನಲ್ಲಿ ಈ ಪದ್ಧತಿ ಬೇರೂರಿದ ಕತೆಯಲ್ಲಿ ಒಂದು ಸ್ವಾರಸ್ಯವಿದೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಊರೂರಿನ ಉಪನ್ಯಾಸಗಳನ್ನು ಅಧಿಕೃತವಾಗಿ ಆರಂಭಿಸಿದ್ದು 1873ರಲ್ಲಿ. ಅದಕ್ಕೆ ಕಾರಣನಾದ ಜೇಮ್ಸ್ ಸ್ಟುವರ್ಟ್ ಎಂಬ ತರುಣ ಅಧ್ಯಾಪಕನು ಅದಕ್ಕೆ ಕೆಲವು ವರ್ಷ ಮೊದಲು ರಾಚ್‌ಡೇಲ್ ಎಂಬ ಊರಿನ ಸಹಕಾರ ಸಂಘದ ಸದಸ್ಯರಿಗೆ ಪಾಠ ಹೇಳುತ್ತಿದ್ದನು. ಒಂದು ದಿನ ಉಪನ್ಯಾಸಕ್ಕೆ ಬಳಸಿದ ಚಿತ್ರಪಟಗಳನ್ನು ಸಭಾಂಗಣದಲ್ಲಿಯೇ ತೂಗಹಾಕಿ ಹೋದನು. ಮುಂದಿನ ಸಲ ಬಂದು ನೋಡಿದರೆ, ಕೇಳುಗರು ಆ ಪಟಗಳನ್ನು ಕುರಿತು ತಮ್ಮತಮ್ಮಲ್ಲೇ ಚರ್ಚಿಸಿದ್ದರು. ಇವನಿಗೆ ಪ್ರಶ್ನೆಗಳನ್ನು ಕೇಳಬಯಸಿದರು. ಉಪನ್ಯಾಸದೊಡನೆ ಚರ್ಚೆಗೂ ಹೊತ್ತು ಕೊಡುವ ಕ್ರಮ ಅವನಿಗೆ ಹೊಳೆದುದು ಅಲ್ಲಿ. ಪ್ರಶ್ನೋತ್ತರವೆಂಬುದು ಕೇಳುಗರು ಪ್ರಾಧ್ಯಾಪಕನಿಗೆ ಕಲಿಸಿದ ಪಾಠ. ನಾವು ಸಮಯಾಭಾವದಿಂದ ಕೈಬಿಡುತ್ತಿರುವುದು ಅದನ್ನೇ.

ಕೆಳಗಿನಿಂದ ಮೇಲಕ್ಕೆ

ಮಂಗಳಗಂಗೋತ್ರಿಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವ ಭಾಗ ಇನ್ನೊಂದಿದೆ. ಭಟ್ಟರು ಮೇಲಿನ ಮಾತನ್ನು ಕೆಳಗೆ ಕೊಂಡೊಯ್ದರು. ಅವರ ತರುವಾಯದವರು ಕೆಳಗಿನ ಮಾತನ್ನು ಮೇಲಕ್ಕೆ ತಂದರು. ಅಲ್ಲಿಯ ಆರಂಭದ ವರ್ಷಗಳ ವಿದ್ಯಾರ್ಥಿಯಾಗಿ, ಅಲ್ಲಿಯೇ ಪ್ರಾಧ್ಯಾಪಕರಾದ ಬಿ. ಎ. ವಿವೇಕ ರೈಯವರು ತುಳು ಜನಪದ ಸಾಹಿತ್ಯವನ್ನು ಸಂಶೋಧನೆಯ ವಿಷಯವನ್ನಾಗಿ ಆರಿಸಿಕೊಂಡರು. ಅಜ್ಜಿಯ ಪಾಡ್ದನಕ್ಕೂ ಪಿಎಚ್.ಡಿ.ಗೂ ಏನು ಸಂಬಂಧವೆಂದು ಮೂಗುಮುರಿಯುವವರಿದ್ದ ಕಾಲವದು. ಕೆ. ಚಿನ್ನಪ್ಪ ಗೌಡರು ಭೂತಾರಾಧನೆಯನ್ನು ಅಧ್ಯಯನ ಮಾಡಿದರು. ಮುಂದೆ ವಿವೇಕ ರೈಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ಚಿನ್ನಪ್ಪ ಗೌಡರು ಜಾನಪದ ವಿಶ್ವವಿದ್ಯಾಲಯಕ್ಕೂ ಕುಲಪತಿಗಳಾದರು.

ಇವರಿಬ್ಬರೂ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರೊಡನೆ ಕೂಡಿ ಮಾಡಿದ ಒಂದು ಕೆಲಸವನ್ನು ಪ್ರತಿಯೊಬ್ಬ ಮಂಗಳೂರಿಗನೂ ತಿಳಿದಿರಬೇಕು. ಬೆಳ್ತಂಗಡಿ ತಾಲೂಕಿನ ಉಜಿರೆಯ ಸಮೀಪ ಮಾಚಾರಿನಲ್ಲಿ ಗೋಪಾಲ ನಾಯ್ಕರೆಂಬ ಕೃಷಿಕರಿದ್ದರು. ಸಿರಿ ಜಾತ್ರೆಗಳಲ್ಲಿ ಮುಂದಾಳಾಗಿ ನಿಂತು ಸಿರಿಯ ಕತೆಯನ್ನು ಹಾಡುವವರು. ತನ್ನನ್ನು ವಂಚಿಸಿದ ಗಂಡನನ್ನು ತೊರೆದು, ತನ್ನ ಹಕ್ಕನ್ನು ಸಭೆಯಲ್ಲಿ ನಿಂತು ಕೇಳಿದ ಹೆಣ್ಣಿನ ಕತೆ ಅದು. ತುಳುನಾಡಿನ ಹೆಂಗಸರ ಪಾಲಿಗೆ ಸಿರಿಯು ಬರಿಯ ಕಥಾನಾಯಕಿಯಲ್ಲ. 1990ರ ಡಿಸೆಂಬರಿನಲ್ಲಿ ನಾಯ್ಕರು ಹಾಡಿದರು, ವಿದ್ವಾಂಸರು ಧ್ವನಿಮುದ್ರಿಸಿಕೊಂಡರು. ಬರೆದಿಳಿಸಿದಾಗ ಅದು 15,683 ಸಾಲುಗಳಾಯಿತು. ಇಂಗ್ಲಿಷ್ ಅನುವಾದದೊಡನೆ ಎರಡು ಸಂಪುಟಗಳಾಗಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಮುಖಪುಟದಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ. ಫಿನ್ನರಿಗೆ ತಮ್ಮ "ಕಲೆವಲ" ಮಹಾಕಾವ್ಯದ ಅಭಿಮಾನ ಬಹಳ. ಅದನ್ನು ಎಲಿಯಾಸ್ ಲ್ಯೋನ್‌ರೋಟ್ ಎಂಬ ವೈದ್ಯನು ಹಲವು ಹಾಡುಗಾರರಿಂದ ಸಂಗ್ರಹಿಸಿ ಹೊಂದಿಸಿದನು. ಇಲ್ಲಿಯಾದರೋ, ಒಬ್ಬರೇ ಹಾಡುಗಾರರ ಬಾಯಿಂದ ಬಂದುದು ಬಂದಂತೆಯೇ ನಿಂತಿದೆ.

ಇದನ್ನು ಇಷ್ಟು ವಿಸ್ತರಿಸಲು ಕಾರಣವುಂಟು. ಫಿನ್ಲೆಂಡಿನ ವಿದ್ವಾಂಸರು ಸಾವಿರಾರು ಮೈಲಿ ದಾಟಿ ಬಂದು ಮಾಚಾರಿನಲ್ಲಿ ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ: ಕುಳಿತು ಕೇಳಿದರು. ದಿನಗಟ್ಟಲೆ ಕೇಳಿದರು.

ಸಂಜೆ ಐದರ ಮೇಲೆ

ಕೇಳುವ ಆಸೆಯಿದ್ದರೂ ಬರಲಾಗದವರ ಮಾತನ್ನೂ ಆಡಬೇಕು. ಮಧ್ಯಾಹ್ನ ಮೂರರ ಸಭೆಗೆ ಕಚೇರಿಯಲ್ಲಿ ದುಡಿಯುವವರು ಬರಲಾರರು. ಸಂಜೆ ಆರರ ಸಭೆಯಾದರೆ ಗೃಹಿಣಿಯರಿಗೆ ಅಡುಗೆಯ ಹೊತ್ತು, ಮಕ್ಕಳ ಪಾಠದ ಹೊತ್ತು. ಗುಡ್ಡದ ಮೇಲಿನ ಸಭೆಯೆಂದರೆ ಹಿಂದಿರುಗುವ ಬಸ್ಸಿನ ಚಿಂತೆ ಬೇರೆ. ನನ್ನ ಪರಿಚಯದ ಗೃಹಿಣಿಯೊಬ್ಬರು ಉಪನ್ಯಾಸದ ಆಮಂತ್ರಣ ಬಂದರೆ ಮೊದಲು ವಿಷಯವನ್ನು ನೋಡುವುದಿಲ್ಲ, ಗಂಟೆಯನ್ನು ನೋಡುತ್ತಾರೆ. ಆಮೇಲೆ ಸ್ಥಳ. ಎರಡೂ ಒದಗಿದರೆ ಮಾತ್ರ ಪಂಪನೋ ಕುಮಾರವ್ಯಾಸನೋ ಎಂದು ವಿಚಾರಿಸುವುದು.

ಈ ಊರಿನಲ್ಲಿ "ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘ" ಎಂಬುದೊಂದಿದೆ. "ಚಂದ್ರಗಿರಿಯ ತೀರದಲ್ಲಿ" ಕಾದಂಬರಿಯನ್ನು ಬರೆದ ಸಾರಾ ಅಬೂಬಕ್ಕರ್ ಅವರು ಅದರ ಅಧ್ಯಕ್ಷೆಯಾಗಿದ್ದರು. 2023ರಲ್ಲಿ ಅವರು ನಮ್ಮನ್ನಗಲಿದರು. ಸಂಘದ ಹೆಸರನ್ನು ಇನ್ನೊಮ್ಮೆ ಓದಿರಿ. ಬರೆಯುವವರ ಸಂಘಗಳು ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಇವೆ. ಓದುವವಳಿಗೂ ಫಲಕದಲ್ಲಿ ಸಮಪಾಲು ಕೊಟ್ಟದ್ದನ್ನು ನಾನು ಬೇರೆ ಕಡೆ ಕಂಡಿಲ್ಲ. ಕಾಲೇಜುಗಳ ಸಭೆಗಳನ್ನು ಏರ್ಪಡಿಸುವವರು ಈ ಹೆಸರಿನಿಂದ ಒಂದಿಷ್ಟು ಕಲಿತರೆ ತಪ್ಪಲ್ಲ.

ಜನರೇ ಬರುವುದಿಲ್ಲವೆಂಬ ದೂರನ್ನು ನಾನು ಒಪ್ಪಲಾರೆ. ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ 2004ರಿಂದ ಹಲವು ವರ್ಷ ಆಳ್ವಾಸ್ ನುಡಿಸಿರಿ ನಡೆಯಿತು. ಅದೂ ಒಂದು ವಿದ್ಯಾಸಂಸ್ಥೆಯ ಆವರಣವೇ. ಅಲ್ಲಿಗೆ ಜನರು ಜಾತ್ರೆಗೆ ಬಂದಂತೆ ಬಂದರು. ಸಂಸಾರ ಸಮೇತ ಬಂದು, ಊಟ ಮಾಡಿ, ಪುಸ್ತಕ ಕೊಂಡು, ಗೋಷ್ಠಿಗಳಲ್ಲಿ ಕುಳಿತರು. ಅಷ್ಟು ದೊಡ್ಡ ಸಂತೆಯಲ್ಲಿ ಮಾತು ಮನಸ್ಸಿಗೆ ಇಳಿಯುವುದೇ ಎಂದು ಕೇಳುವವರುಂಟು. ನನಗೂ ಆ ಸಂಶಯವಿದೆ. ಆದರೂ, ಊಟದ ಸಾಲಿನಲ್ಲಿ ನಿಂತೇ ಭಾಷಣದ ತಪ್ಪುಗಳನ್ನು ಎಣಿಸುವ ಜನರಿರುವ ಜಿಲ್ಲೆಯಿದು.

ನಗರದ ಆವರಣಗಳಲ್ಲಿಯೂ ಹೊಸ ದಾರಿಗಳು ತೆರೆದಿವೆ. ಕಾಲೇಜಿಗೆ ಬಾರದವರ ಕಿವಿಗೆ ತಾನೇ ಹೋಗುವ ಉಪಾಯವನ್ನು ಅಲೋಷಿಯಸ್ ಸಂಸ್ಥೆ ಕಂಡುಕೊಂಡಿತು: 107.8ರ ಸಮುದಾಯ ಬಾನುಲಿ "ಸಾರಂಗ್" ಅಲ್ಲಿಂದ ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ಮಾತನಾಡುತ್ತದೆ. ಆ ಕಾಲೇಜೇ 2024ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನವನ್ನು ಪಡೆಯಿತು. ಹಂಪನಕಟ್ಟೆಯ ಹಳೆಯ ಸರಕಾರಿ ಕಾಲೇಜು ಈಗ ವಿಶ್ವವಿದ್ಯಾನಿಲಯ ಕಾಲೇಜೆಂದು ಹೆಸರಾಗಿದೆ. ಅದರ ರವೀಂದ್ರ ಕಲಾಭವನ ಪೇಟೆಯ ನಡುವೆಯೇ ಇದ್ದು, ಅಂಗಡಿ ಮುಚ್ಚಿ ಬರುವವನಿಗೂ ನಡೆದು ಬರುವಷ್ಟು ಹತ್ತಿರ. ಅದೇ ಹಂಪನಕಟ್ಟೆಯಲ್ಲಿ 2018ರಲ್ಲಿ ತುಳುವಿನ ಎಂ.ಎ. ತರಗತಿ ಆರಂಭವಾದುದು ಸಂಜೆಯ ಕಾಲೇಜಿನಲ್ಲಿ. ಹಗಲು ದುಡಿಯುವವರೂ ಕಲಿಯುವಂತಾಯಿತು. ಗಂಟೆಯನ್ನು ಬದಲಾಯಿಸಿದರೆ ಬರುವವರೂ ಬದಲಾಗುತ್ತಾರೆಂಬುದು ಬಹು ಸಣ್ಣ ವಿಷಯ; ಆದರೂ ನಮ್ಮ ಸಭೆಗಳವರಿಗೆ ಇದು ಹೊಳೆಯುವುದು ಅಪರೂಪ.

ಇನ್ನು ಭಾಷೆಯ ಪ್ರಶ್ನೆ. "ರಾಷ್ಟ್ರೀಯ ವಿಚಾರ ಸಂಕಿರಣ" ಎಂಬ ಬಿರುದು ಬಂದೊಡನೆ ಕನ್ನಡ ಸಾಹಿತ್ಯವನ್ನು ಕುರಿತ ಪ್ರಬಂಧವೂ ಇಂಗ್ಲಿಷಿಗೆ ತಿರುಗುತ್ತದೆ; ಇಂಗ್ಲಿಷಾದರೂ ಒಳ್ಳೆಯ ಇಂಗ್ಲಿಷಾಗಿರುವುದಿಲ್ಲ. ಪರದೇಶದ ನಾಲ್ಕು ಚಿಂತಕರ ಹೆಸರುಗಳು ಮಂತ್ರಪುಷ್ಪದಂತೆ ಉದುರುತ್ತವೆ. ವಿಷಯವು ಕಠಿನವಾಗಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ದೇರಾಜೆಯವರ ಮಾತೂ ಸುಲಭವಾಗಿರಲಿಲ್ಲ, ಸೇಡಿಯಾಪು ಅವರ ಛಂದೋವಿಚಾರವಂತೂ ಕಬ್ಬಿಣದ ಕಡಲೆ. ಅವರು ಕೇಳುವವನನ್ನು ಎದುರಾಳಿಯಾಗಿ ಕಲ್ಪಿಸಿಕೊಂಡು ಮಾತನಾಡಿದರು. ಆದ್ದರಿಂದ ಅವನಿಗೆ ಅರ್ಥವಾಗುವ ತನಕ ಬಿಡುತ್ತಿರಲಿಲ್ಲ. ಅಂಕಕ್ಕಾಗಿ ಓದುವ ಪ್ರಬಂಧಕ್ಕೆ ಎದುರಾಳಿಯೇ ಬೇಕಿಲ್ಲ, ಪ್ರಮಾಣಪತ್ರ ಸಾಕು.

ಬಸ್ ನಿಲ್ದಾಣದಲ್ಲಿ

ಆ ದಿನದ ಸಭೆಗೆ ಮರಳುತ್ತೇನೆ. ರಾಷ್ಟ್ರಗೀತೆ ಮುಗಿಯಿತು, ವಿದ್ಯಾರ್ಥಿಗಳು ಹೊಳೆ ಒಡೆದಂತೆ ಹೊರಟರು. ಗೋಳಿಬಜೆ, ಚಹ ಮುಗಿಸಿಕೊಂಡು ನಾನೂ ಆ ಹಿರಿಯರೂ ರಸ್ತೆಯ ಬದಿಯ ನಿಲ್ದಾಣಕ್ಕೆ ಬಂದೆವು. ಸ್ವಲ್ಪ ಹೊತ್ತಿನಲ್ಲಿ ಉಪನ್ಯಾಸಕರೂ ಅಲ್ಲಿಗೇ ಬಂದರು, ತೋಳಿನ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಅವರನ್ನು ರೈಲು ನಿಲ್ದಾಣಕ್ಕೆ ಒಯ್ಯಬೇಕಾದ ಕಾರು ಬಂದಿರಲಿಲ್ಲವಂತೆ.

ಹಿರಿಯರು ಕಾಗದವನ್ನು ಹೊರತೆಗೆದರು. ಕನ್ನಡಕ ಸಿಗಲಿಲ್ಲ, ನೆನಪಿನಿಂದಲೇ ಕೇಳಿದರು.

"ಸ್ವಾಮೀ, ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯನ್ನಾಗಿ ಮಾಡಿದ್ದಾನೆ. ಐವರಿಗೆ ಒಬ್ಬಳೆಂಬುದು ಅವನಿಗೆ ಒಪ್ಪಿಗೆಯಾಗಲಿಲ್ಲ, ಸರಿ. ಅರಿಕೇಸರಿ ರಾಜನನ್ನೇ ಅರ್ಜುನನೆಂದು ಹಾಡುವಾಗ ಹಾಗೆ ಮಾಡಬೇಕಾಯಿತು, ಅದೂ ಸರಿ. ಆದರೆ ಅವಳ ಮುಡಿಯನ್ನು ಹಿಡಿದೆಳೆದಾಗ ಪ್ರತಿಜ್ಞೆ ಮಾಡಿದವನು ಭೀಮ. ದುಶ್ಶಾಸನನನ್ನು ಕೊಂದು ಮುಡಿ ಕಟ್ಟಿದವನೂ ಭೀಮ. ಹೆಂಡತಿ ಅರ್ಜುನನವಳು. ಅವನು ಏನು ಮಾಡುತ್ತಿದ್ದ? ಕಾವ್ಯದ ನಾಯಕ ಅವನಲ್ಲವೋ?"

ಉಪನ್ಯಾಸಕರು ಹಣ್ಣಿನ ಬುಟ್ಟಿಯನ್ನು ಕಲ್ಲಿನ ಕಟ್ಟೆಯ ಮೇಲಿಟ್ಟರು. ಇದು ವಿದ್ವಾಂಸರು ಬಹುಕಾಲದಿಂದ ಎದುರಿಸಿದ ತೊಡಕೇ ಎಂದರು. ವ್ಯಾಸರ ಕತೆ ಎಷ್ಟು ಬಲವಾದುದೆಂದರೆ ಪಂಪನಂತಹವನೂ ಅದರ ಒಂದು ಎಳೆಯನ್ನು ಕಿತ್ತು ಉಳಿದುದನ್ನು ಹಾಗೆಯೇ ಉಳಿಸಲಾರದೆ ಹೋದನೆಂದರು. ಹಿರಿಯರಿಗೆ ಸಮಾಧಾನವಾಗಲಿಲ್ಲ. ಕಿತ್ತದ್ದು ತಿಳಿದು ಕಿತ್ತದ್ದೋ ಎಂದು ಕೇಳಿದರು. ಭೀಮನ ಬಗ್ಗೆ ಪಂಪನಿಗೆ ಒಳಗೊಳಗೇ ಇದ್ದ ಮೆಚ್ಚುಗೆಯೇ ಅಲ್ಲಿ ಹೊರಗೆ ಬಂದಿರಬಾರದೇಕೆ? ನಾಯಕನ ಪಟ್ಟ ರಾಜನಿಗೆ, ಕೆಲಸ ಭೀಮನಿಗೆ. ಕವಿ ನಕ್ಕಿದ್ದಾನೆಂದೇ ಇಟ್ಟುಕೊಳ್ಳಿ. ಉಪನ್ಯಾಸಕರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಕರ್ಣನ ವಿಷಯ ಬಂತು.

ಅಷ್ಟರಲ್ಲಿ ನಾಲ್ವರು ವಿದ್ಯಾರ್ಥಿಗಳು ನಮ್ಮ ಸುತ್ತ ನಿಂತಿದ್ದರು. ಸಭೆಯಲ್ಲಿ ಬಾಗಿಲನ್ನೇ ನೋಡುತ್ತಿದ್ದವರು ಇವರೇ ಎಂದು ನಾನು ಗುರುತು ಹಿಡಿದೆ. ಅವರಲ್ಲಿ ಒಬ್ಬ ಹುಡುಗಿ, "ಸರ್, ದ್ರೌಪದಿ ಏನು ಹೇಳಿದಳು ಅಂತ ಯಾರೂ ಹೇಳಲಿಲ್ಲ" ಎಂದಳು. ಇಬ್ಬರು ಹಿರಿಯರೂ ತಿರುಗಿ ನೋಡಿದರು.

ಕಾರು ಬರಲೇ ಇಲ್ಲ. ಬಸ್ಸು ಬಂತು. ನಿರ್ವಾಹಕ ಬಾಗಿಲಲ್ಲಿ ಜೋತುಬಿದ್ದು "ಕಂಕನಾಡಿ, ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್" ಎಂದು ಕೂಗುತ್ತಿದ್ದನು. ಎಲ್ಲರೂ ಅದನ್ನೇ ಹತ್ತಿದೆವು. ಹಣ್ಣಿನ ಬುಟ್ಟಿ ಆ ಹುಡುಗಿಯ ಮಡಿಲಿಗೆ ಹೋಯಿತು, ಕಿತ್ತಳೆ ಹಣ್ಣುಗಳು ಕೈಯಿಂದ ಕೈಗೆ ಹೋದವು, ಹಿಂದಿನ ಆಸನಗಳಲ್ಲಿ ದ್ಯೂತಸಭೆ ನಡೆಯುತ್ತಲೇ ಇತ್ತು. ಬಸ್ಸು ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ನಿಂತು ಎಂಜಿನು ಆರಿದಾಗ, ಕಂಕನಾಡಿಯಲ್ಲಿ ಇಳಿಯಬೇಕಾಗಿದ್ದ ಹಿರಿಯರು ಕೊಡೆಯನ್ನು ಹುಡುಕುತ್ತ, ಅರೆ, ಕಂಕನಾಡಿ ಯಾವಾಗ ದಾಟಿತು ಎಂದು ನನ್ನನ್ನು ಕೇಳಿದರು.